ಅಡುಗೆಮನೆಗೆ ಕೇಳಿಸಿದ ಕ್ಯಾಪ್ಟನ್

ಟಾಸ್ ನೋಡಲು ನನಗೆ ಅಡ್ಡಿಯಿರಲಿಲ್ಲ. ಒಂದು ಬಾಲೂ ಬೀಳದ ಹೊತ್ತಿನಲ್ಲಿ ನನ್ನಿಂದ ಯಾವ ಅನಾಹುತವೂ ಆಗುವಂತಿರಲಿಲ್ಲವಲ್ಲ. ಬಹುಮಾನ ಕೊಡುವಾಗಲೂ ಹಾಲ್‌ಗೆ ಬರಬಹುದಿತ್ತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತಿತ್ತು. ಹೀಗಾಗಿ ದೇಶದ ತಂಡವನ್ನು ಅಷ್ಟು ವರ್ಷ ನಡೆಸಿದ, ಕಪ್ ಗೆದ್ದುಕೊಟ್ಟ ಆ ಕ್ಯಾಪ್ಟನ್ನನ್ನು ನಾನು ಕಂಡಿದ್ದು ಎರಡೇ ಭಂಗಿಯಲ್ಲಿ. ಮೇಲೆ ಹಾರಿದ ನಾಣ್ಯವನ್ನು ತಲೆಯೆತ್ತಿ ನೋಡುತ್ತಿದ್ದವನು ಒಬ್ಬ, ಬೆವರು ಒರೆಸಿಕೊಳ್ಳುತ್ತ ಮೈಕಿನ ಮುಂದೆ ನಿಂತವನು ಇನ್ನೊಬ್ಬ. ನಡುವಿನ ಆಟವನ್ನೆಲ್ಲ ಭದ್ರಾವತಿಯ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಿಂತು ಬರೀ ಕೇಳಿಸಿಕೊಂಡೆ.

ಆಟ ಗೊತ್ತಿಲ್ಲದವಳಾಗಿದ್ದರೆ ಬೇಜಾರಾಗುತ್ತಿರಲಿಲ್ಲ. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಣ್ಣಂದಿರ ಜೊತೆ ಬೆಳೆದವಳು. ಹುಡುಗಿ ಅಂತ ಅವರು ನನ್ನನ್ನು ಯಾವಾಗಲೂ ಕೀಪಿಂಗಿಗೆ ನಿಲ್ಲಿಸುತ್ತಿದ್ದರು, ಚರಂಡಿಗೆ ಬಿದ್ದ ಬಾಲನ್ನು ಎತ್ತಿ ತರುವ ಕೆಲಸವೂ ಅದರಲ್ಲಿ ಸೇರಿತ್ತು. ಬಾಲು ಯಾವ ಕಡೆ ತಿರುಗುತ್ತದೆ ಅಂತ ಬ್ಯಾಟು ಹಿಡಿದವನಿಗಿಂತ ಮೊದಲು ಹಿಂದೆ ನಿಂತವಳಿಗೆ ತಿಳಿಯುತ್ತದೆ. ಮದುವೆಯಾಗಿ ಭದ್ರಾವತಿಗೆ ಹೋದಾಗ ಆ ಮನೆಯಲ್ಲೂ ಕ್ರಿಕೆಟ್ಟಿನ ಹುಚ್ಚಿದೆ ಎಂದು ತಿಳಿದು ಖುಷಿಪಟ್ಟಿದ್ದೆ. ಆ ಖುಷಿ ಮೊದಲ ಸರಣಿ ಮುಗಿಯುವ ತನಕ ಇತ್ತು.

ಮಾವ ಕಾರ್ಖಾನೆಯಲ್ಲಿ ಫೋರ್‌ಮನ್. ಮ್ಯಾಚಿನ ದಿನ ಮನೆಯಲ್ಲಿ ಅವರೇ ಕ್ಯಾಪ್ಟನ್. ಅವರು ಬೆತ್ತದ ಕುರ್ಚಿಯಲ್ಲಿ, ನನ್ನ ಗಂಡ ಗೋಡೆಗೆ ಒರಗಿ ನೆಲದ ಮೇಲೆ, ಮೈದುನ ಸ್ಟೂಲಿನ ಮೇಲೆ ಒಂದು ಕಾಲಿಟ್ಟುಕೊಂಡು ನಿಂತೇ. ಜೊತೆಯಾಟ ಕುದುರಿದ್ದಾಗ ಯಾರು ಯಾವ ಭಂಗಿಯಲ್ಲಿದ್ದರೋ ಅದೇ ಭಂಗಿಯಲ್ಲಿ ಇರಬೇಕು. ಒಮ್ಮೆ ಮೈದುನನಿಗೆ ಕಾಲು ಜೋಮು ಹಿಡಿದು ಕಣ್ಣಲ್ಲಿ ನೀರು ಬಂದಿತ್ತು, ಆದರೂ ಕಾಲು ಇಳಿಸಲಿಲ್ಲ ಪುಣ್ಯಾತ್ಮ.

ನಾನು ಮೊದಲ ಸಲ ಸಿಕ್ಕಿಬಿದ್ದಿದ್ದು ಮಂಡಕ್ಕಿಗೆ ಒಗ್ಗರಣೆ ಹಾಕುವಾಗ. ನಮ್ಮ ಅಡುಗೆಮನೆಗೂ ಪಕ್ಕದ ತಮಿಳು ಕುಟುಂಬದ ಹಾಲ್‌ಗೂ ಒಂದೇ ಗೋಡೆ. ಅವರ ಮನೆ ಪೂರ್ತಿ ಕ್ರಿಕೆಟ್ಟು, ಅಜ್ಜಿಯಿಂದ ಹಿಡಿದು. ಅವತ್ತು ಗೋಡೆಯಾಚೆ "ಅಯ್ಯಯ್ಯೋ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಬಾಲು ಬ್ಯಾಟಿಗೆ ಸಿಗದೆ ಸ್ವಲ್ಪದರಲ್ಲಿ ತಪ್ಪಿರಬೇಕು ಅಂದುಕೊಂಡು ಸೌಟು ಹಿಡಿದೇ ಹಾಲ್‌ಗೆ ಓಡಿದೆ. ನಾನು ಹೊಸಿಲಲ್ಲಿ ಕಾಲಿಟ್ಟೆ, ಬೌಲರ್ ಓಡಿ ಬಂದ, ನಮ್ಮವನ ಸ್ಟಂಪು ಹಾರಿತು.

ಆಗ ಅವನಿನ್ನೂ ಕ್ಯಾಪ್ಟನ್ ಆಗಿರಲಿಲ್ಲ, ತಂಡಕ್ಕೆ ಬಂದು ಹೆಚ್ಚು ದಿನವೂ ಆಗಿರಲಿಲ್ಲ. ಮಾವ ಟೀವಿಯಿಂದ ಕಣ್ಣು ತೆಗೆದು ನನ್ನ ಸೌಟನ್ನು ನೋಡಿದರು.  ಇನ್ನೆರಡು ಮ್ಯಾಚಿನಲ್ಲಿ ಹಾಗೆಯೇ ಆದ ಮೇಲೆ ಹೇಳಿದರು.

"ಬೇಜಾರ್ ಮಾಡ್ಕೋಬೇಡಮ್ಮ. ಅವ್ನು ಆಡುವಾಗ ನೀನು ಒಳಗೇ ಇದ್ಬಿಡು. ದೇಶದ ವಿಷ್ಯ."

ದೇಶದ ವಿಷಯ ಅಂದ ಮೇಲೆ ಸೊಸೆ ಏನು ಹೇಳಬೇಕು? ಗಂಡ ನಕ್ಕುಬಿಟ್ಟರು. ನನಗೆ ಅಳು ಬಂತು, ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಾಗಿ, ಹೌದಿರಬಹುದೇನೋ ಎಂಬ ಹೆದರಿಕೆಯೂ ಬಂತು. ಮೂರು ಸಲವೂ ನನ್ನ ಕಣ್ಣೆದುರೇ ಆಗಿತ್ತಲ್ಲ.

ಮಾವನಿಗೆ ಅವನ ಮೇಲೆ ಅಷ್ಟು ಪ್ರೀತಿ ಹುಟ್ಟಲು ಕಾರಣವಿತ್ತು. ಅವನಪ್ಪನೂ ಯಾವುದೋ ಮಿಲ್ಲಿನಲ್ಲಿ ಶಿಫ್ಟು ಮಾಡಿದವನಂತೆ, ಅವನು ಆಟ ಕಲಿತದ್ದು ಮಿಲ್ಲಿನ ಗ್ರೌಂಡಿನಲ್ಲಂತೆ. ಪೇಪರಿನಲ್ಲಿ ಬಂದಿತ್ತು. "ಕ್ವಾರ್ಟರ್ಸ್ ಹುಡ್ಗ ಕಣ್ರೋ, ನಮ್ಮೋನು" ಎಂದು ಮಾವ ಸಾಲುಮನೆಯವರಿಗೆಲ್ಲ ಸಾರಿಕೊಂಡು ಬಂದರು. ಹಿರಿಯ ಆಟಗಾರನೊಬ್ಬ ಗಾಯ ಮಾಡಿಕೊಂಡು ಅವನ ಕೈಗೆ ಅನಿರೀಕ್ಷಿತವಾಗಿ ನಾಯಕತ್ವ ಬಂದಾಗ ನಮ್ಮ ಮನೆಯಲ್ಲಿ ಪಾಯಸ ಆಯಿತು. ಮಾಡಿದವಳು ನಾನೇ.

ಅವನನ್ನು ಮೆಚ್ಚಲು ನನ್ನ ಕಾರಣ ಬೇರೆಯಿತ್ತು. ಕ್ಯಾಪ್ಟನ್ ಆಗಿ ಹೊರದೇಶಕ್ಕೆ ಹೋದ ಮೊದಲ ಸರಣಿಯನ್ನು ಅವನು ಹೀನಾಯವಾಗಿ ಸೋತ. ಆಟ ಮುಗಿದಿತ್ತಾದ್ದರಿಂದ ನಾನು ಹಾಲ್‌ನಲ್ಲಿದ್ದೆ. ಮೈಕ್ ಹಿಡಿದವನು ಬೌಲರುಗಳ ಬಗ್ಗೆ ಚುಚ್ಚಿ ಚುಚ್ಚಿ ಕೇಳಿದ. ಇವನು, ಟಾಸ್ ಗೆದ್ದು ತೆಗೆದುಕೊಂಡ ತೀರ್ಮಾನ ನನ್ನದು, ಅದು ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ ಮುಗಿಸಿದ. ನಮ್ಮ ಮನೆಯಲ್ಲಿ ಅಂಥ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ಇಲ್ಲಿ ಸೋತರೆ ತಪ್ಪು ಅಡುಗೆಮನೆಯಲ್ಲಿರುತ್ತಿತ್ತು.

ಅಲ್ಲಿಂದ ಮುಂದೆ ಅವನ ಆಟವೆಲ್ಲ ನನಗೆ ಕಿವಿಯಲ್ಲೇ ನಡೆಯಿತು. ಕಾಮೆಂಟರಿ ನಮ್ಮ ಹಾಲ್‌ನಿಂದ, ಕೂಗಾಟ ಪಕ್ಕದ ಮನೆಯಿಂದ, ನಡುವೆ ಕಾರ್ಖಾನೆಯ ಸೈರನ್. ಗೋಡೆಯಾಚೆ ಚಪ್ಪಾಳೆ ಬಿದ್ದರೆ ಬೌಂಡರಿ, ಅಜ್ಜಿ ಕಿರುಚಿದರೆ ಸಿಕ್ಸರ್, ಎಲ್ಲರೂ ಒಟ್ಟಿಗೆ ಸುಮ್ಮನಾದರೆ ಥರ್ಡ್ ಅಂಪೈರ್. ಹಾಲ್‌ನವರಿಗಿಂತ ಮೊದಲೇ ನನಗೆ ಗೊತ್ತಾಗುತ್ತಿದೆ ಅನ್ನಿಸುತ್ತಿತ್ತು, ಆದರೆ ನಮ್ಮವರು ಮಂದ, ತಡವಾಗಿ ಕೂಗುತ್ತಾರೆ ಅಂದುಕೊಂಡಿದ್ದೆ. ಹೈಲೈಟ್ಸ್ ನೋಡು ಎಂದು ಗಂಡ ಧಾರಾಳವಾಗಿ ಹೇಳುತ್ತಿದ್ದರು. ಹೈಲೈಟ್ಸ್ ಅಂದರೆ ತಂಗಳನ್ನ. ಹೊಟ್ಟೆ ತುಂಬಬಹುದು, ಮನಸ್ಸು ತುಂಬುವುದಿಲ್ಲ. ನನಗೆ ಬೇಕಾಗಿದ್ದದ್ದು, ಏನಾಗುತ್ತದೋ ಗೊತ್ತಿಲ್ಲದೆ ಅವನು ಆಡುವುದನ್ನು ನಾನೂ ಗೊತ್ತಿಲ್ಲದೆಯೇ ಕೂತು ನೋಡುವುದು. ಒಂದೇ ಒಂದು ಸಲ ಸಾಕಿತ್ತು.

ಹೇಳಿದರೆ ನಗುತ್ತೀರಿ, ಮನೆಯಲ್ಲಿ ಯಾರೂ ಇಲ್ಲದ ದಿನವೂ ಟೀವಿ ಹಾಕಿಟ್ಟು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಕಾವಲಿಗೆ ಯಾರೂ ಬೇಕಿರಲಿಲ್ಲ.

ಅವನು ಕಪ್ ಗೆದ್ದ ದಿನ ನಾನು ಹುಲಿ ನೋಡುತ್ತಿದ್ದೆ. ಫೈನಲ್ಲಿನ ದಿನ ನಾನು ಮನೆಯೊಳಗೆ ಇರುವುದೂ ಅಪಾಯ ಎಂದು ಮಾವನಿಗೆ ತೋಚಿತು. ಬಾಯಿಬಿಟ್ಟು ಹೇಳಲಿಲ್ಲ; "ಮಗೀಗೆ ತ್ಯಾವರೆಕೊಪ್ಪ ತೋರಿಸ್ಕೊಂಡು ಬಾರಮ್ಮ, ಪಾಪ ಎಷ್ಟು ದಿನದಿಂದ ಕೇಳ್ತಿದೆ" ಅಂದರು. ಮಗಳಿಗೆ ಆಗ ಮಾತೇ ಸರಿಯಾಗಿ ಬರುತ್ತಿರಲಿಲ್ಲ. ಸಫಾರಿ ಬಸ್ಸಿನಲ್ಲಿ ನಾವಿಬ್ಬರು, ಇನ್ನು ಕೆಲವರು ಹೊರರಾಜ್ಯದವರು, ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡ ಡ್ರೈವರು. ಹುಲಿ ಬಿದಿರಿನ ನೆರಳಲ್ಲಿ ಬಿದ್ದುಕೊಂಡಿತ್ತು, ನಮ್ಮ ಕಡೆ ತಿರುಗಿ ಸಹ ನೋಡಲಿಲ್ಲ. ಸಂಜೆ ಭದ್ರಾವತಿಯಲ್ಲಿ ಬಸ್ಸಿಳಿದಾಗ ಓಲ್ಡ್ ಟೌನಿನ ಕಡೆಯಿಂದ ಪಟಾಕಿ ಸದ್ದು. ಹೆಗಲ ಮೇಲೆ ನಿದ್ದೆ ಹೋದ ಮಗು ಬೆಚ್ಚಿಬಿತ್ತು. ಯಾರೋ ಗುರುತಿಲ್ಲದವರು ನನ್ನ ಕೈಗೆ ಜಿಲೇಬಿ ಇಟ್ಟು "ಗೆದ್ಬಿಟ್ವಿ ಅಕ್ಕ!" ಅಂದರು. ಗೆದ್ದೆವು. ನಾನು ಆ ಜಿಲೇಬಿಯನ್ನು ಅಲ್ಲೇ ನಿಂತು ತಿಂದೆ, ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಮಾವ ನನ್ನನ್ನು ಕಂಡು ಕೈಮುಗಿದು ನಗಾಡಿದರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮಾವ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ವಿನೋಬನಗರಕ್ಕೆ ಬಂದೆವು. ಮೈದುನ ಮದುವೆಯಾಗಿ ಬೇರೆ ಮನೆ ಮಾಡಿದ. ಅಷ್ಟರಲ್ಲಿ ಕ್ಯಾಪ್ಟನ್ನಿಗೂ ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಅವನು ನಾಯಕತ್ವ ಬಿಟ್ಟ, ಬಿಡಿಸಿದರು ಎಂದೂ ಹೇಳುತ್ತಿದ್ದರು. ತಾನೇ ಬೆಳೆಸಿದ ಹುಡುಗನ ಕೈಕೆಳಗೆ ಇನ್ನೂ ಕೆಲವು ವರ್ಷ ಆಡಿದ. ಈಗ ಟಾಸಿಗೆ ಅವನು ಬರುತ್ತಿರಲಿಲ್ಲ, ಮೈಕಿನ ಮುಂದೆಯೂ ನಿಲ್ಲುತ್ತಿರಲಿಲ್ಲ. ಅಂದರೆ ನನ್ನ ಪಾಲಿಗೆ ಅವನು ಕಾಣುವುದೇ ನಿಂತುಹೋಯಿತು. ಮನೆಯಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು.

ಫೋನ್ ಬಂದ ಮೇಲೆ, ಅದರಲ್ಲಿ ನೋಡಿದರೂ ಲೆಕ್ಕಕ್ಕೆ ಬರುತ್ತದೆ ಎಂದು ಮಾವ ತೀರ್ಪು ಕೊಟ್ಟಿದ್ದರು. ಅದಕ್ಕೇ ನಾನು ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ, ಮುಖ ಗೋಡೆಗೆ ಮಾಡಿಟ್ಟು, ಬರೀ ಕಾಮೆಂಟರಿ ಕೇಳುತ್ತಿದ್ದೆ. ಒಂದು ದಿನ ಹಾಗೆ ಕೇಳುತ್ತ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಹಿಂದಿನ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಾಚೆ "ಛೇ, ಹೋದ!" ಎಂದು ಕೂಗಿದರು. ನನ್ನ ಫೋನಿನಲ್ಲಿ ಬೌಲರ್ ಇನ್ನೂ ಫೀಲ್ಡಿಂಗ್ ಸರಿ ಮಾಡುತ್ತಿದ್ದ. ಹೋದ ಅಂದರೆ ಯಾರು, ಎಲ್ಲಿಗೆ? ರೊಟ್ಟಿ ಮಗುಚಿ ಹಾಕಿದೆ. ಆಮೇಲೆ ಫೋನಿನವನು "ಔಟ್!" ಎಂದು ಅರಚಿದ.

ರೊಟ್ಟಿ ಸೀದುಹೋಯಿತು, ಹೋಗಲಿ ಬಿಡಿ. ಮೇಷ್ಟ್ರ ಮನೆಯಲ್ಲಿ ಕೇಬಲ್ಲು, ನನ್ನದು ಇಂಟರ್ನೆಟ್ಟು. ಅವರಿಗೆ ಮೊದಲು ಬರುತ್ತದೆ, ನನಗೆ ತಡವಾಗಿ. ಕ್ವಾರ್ಟರ್ಸಿನಲ್ಲಿ ಸಾಲುಮನೆಗೆಲ್ಲ ಕೇಬಲ್ಲಿತ್ತು. ಕೇಬಲ್ಲಿನವನ ಜೊತೆ ಜಗಳವಾಡಿ ಡಿಶ್ ಹಾಕಿಸಿದ್ದು ಇಡೀ ಸಾಲಿನಲ್ಲಿ ನಮ್ಮ ಮಾವ ಒಬ್ಬರೇ. ಡಿಶ್ಶೂ ಹಿಂದೆಯೇ ಬೀಳುತ್ತಿತ್ತು! ಗೋಡೆಯಾಚೆ ಅವರು ಅಯ್ಯಯ್ಯೋ ಎಂದಾಗಲೇ ಅವನು ಔಟಾಗಿದ್ದ. ಆ ಕೂಗು ಕೇಳಿ ನಾನು ಓಡುತ್ತಿದ್ದೆ, ನಾನು ಹೊಸಿಲು ಮುಟ್ಟುವ ಹೊತ್ತಿಗೆ ನಮ್ಮ ಟೀವಿಯಲ್ಲಿ ಸ್ಟಂಪು ಹಾರುತ್ತಿತ್ತು. ವಿಕೆಟ್ ಬಿದ್ದಿದ್ದಕ್ಕೆ ನಾನು ಓಡಿದ್ದೆ. ನಾನು ಓಡಿದ್ದಕ್ಕೆ ವಿಕೆಟ್ ಬಿದ್ದಿರಲಿಲ್ಲ.

ಗಂಡ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಡೇ ಮಾರಾಯ್ತಿ, ಅದೆಲ್ಲ ತಮಾಷೆಗೆ ಹೇಳಿದ್ದಲ್ವಾ?"

"ತಮಾಷೆಗೇನ್ರೀ ನಾನು ಹುಲಿ ನೋಡಕ್ಕೆ ಹೋಗಿದ್ದು?"

ಅವರ ನಗು ಅಲ್ಲಿಗೆ ನಿಂತಿತು. ಮಾವ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಎರಡು ಸಲ ಹೇಳಿಸಿಕೊಂಡರು, ಕಿವಿ ಮಂದವಾಗಿತ್ತು. ಕೊನೆಗೆ, "ಸಿಗ್ನಲ್ ಲೇಟಿರ್ಬೋದಮ್ಮ. ಆದ್ರೂ ಇಷ್ಟು ವರ್ಷದ ಅಭ್ಯಾಸ, ಈಗ್ಯಾಕೆ ಕೆಡಿಸ್ಬೇಕು?" ಅಂದರು. ಆ ರಾತ್ರಿ ನಾನು ಯಾರಿಗೂ ಬಡಿಸಲಿಲ್ಲ. ತಟ್ಟೆ ಹಾಕಿಕೊಂಡು ಅವರವರೇ ತಿಂದರು.

ಇದಾಗಿ ಕೆಲವೇ ತಿಂಗಳಲ್ಲಿ ಕ್ಯಾಪ್ಟನ್, ನಾಳೆಯ ಮ್ಯಾಚೇ ನನ್ನ ಕೊನೆಯದು ಎಂದು ಹೇಳಿದ. ಮರುದಿನ ಭಾನುವಾರ. ಕಾಲೇಜಿಗೆ ಹೋಗುವ ಮಗಳು ಮನೆಯಲ್ಲಿದ್ದಳು. ನಾನು ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿ, ಒಲೆ ಒರೆಸಿ, ಸೀರೆ ಬದಲಾಯಿಸಿದೆ. ಅವನು ಬ್ಯಾಟಿಂಗಿಗೆ ಇಳಿದಾಗ ಹಾಲ್‌ಗೆ ಬಂದು ನಿಂತೆ. ಕೇಳಲೂ ಇಲ್ಲ, ಹೇಳಲೂ ಇಲ್ಲ.  ಸಿಗ್ನಲ್ಲಿನ ಲೆಕ್ಕ ನನ್ನ ತಲೆಗೆ ಹತ್ತಿತ್ತು, ಕಾಲಿಗೆ ಹತ್ತಿರಲಿಲ್ಲ.

ಮಾವ ನೋಡಿದರು. "ಬಾಗ್ಲಲ್ಲಿ ನಿಂತ್ಕೋಬೇಡ. ಇಲ್ಲಿ ಬಾ" ಎಂದು ತಮ್ಮ ಕುರ್ಚಿಯ ಪಕ್ಕ ಜಾಗ ತೋರಿಸಿದರು, ಫೀಲ್ಡರನ್ನು ನಿಲ್ಲಿಸುವ ಹಾಗೆ. ಮಗಳು ದಿಂಬು ತಂದು ಹಾಕಿದಳು.

ಕೂತೆ, ನೋಡಿದೆ. ಬಾಲಿಗೂ ಬಾಲಿಗೂ ನಡುವೆ ಅವನು ಪಿಚ್ಚಿನ ಮೇಲೆ ನಡೆದು ಹೋಗಿ ಏನನ್ನೋ ಹೆಕ್ಕಿ ಆಚೆ ಎಸೆಯುತ್ತಿದ್ದ. ಇದನ್ನು ಕಾಮೆಂಟರಿಯವರು ಯಾರೂ ನನಗೆ ಹೇಳಿರಲಿಲ್ಲ. ಓಡುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಎದುರಿನ ಹುಡುಗ ತಪ್ಪು ಹೊಡೆತಕ್ಕೆ ಹೋದರೆ ಗದರುತ್ತಿರಲಿಲ್ಲ, ಹತ್ತಿರ ಹೋಗಿ ಅವನ ಗ್ಲೌಸಿಗೆ ತನ್ನ ಗ್ಲೌಸ್ ತಾಗಿಸಿ ಬರುತ್ತಿದ್ದ. ಕವರ್ ಡ್ರೈವ್ ಅಂತ ಅಷ್ಟು ವರ್ಷ ಕೇಳಿದ್ದೆನಲ್ಲ, ನಾನು ಏನೋ ದೊಡ್ಡದಾಗಿ ಕಲ್ಪಿಸಿಕೊಂಡಿದ್ದೆ. ಅವನು ಸುಮ್ಮನೆ ಮುಂದೆ ಕಾಲಿಟ್ಟ, ಬಾಲು ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದಲ್ಲಿದ್ದ ಮಾವನ ಮೊಣಕಾಲನ್ನೇ ಹಿಡಿದುಬಿಟ್ಟೆ.

ಅರ್ಧಶತಕ ದಾಟಿದ ಮೇಲೆ ಕಿಟಕಿಯಾಚೆ ಮೇಷ್ಟ್ರು "ಛೇ!" ಅಂದರು.

ಫ್ಯಾನಿನ ಸದ್ದಿಗೆ ಬೇರೆ ಯಾರಿಗೂ ಕೇಳಿಸಲಿಲ್ಲ. ಗೋಡೆಗೆ ಕಿವಿ ಕೊಟ್ಟೇ ಬದುಕಿದವಳಿಗೆ ಕೇಳಿಸಿತು. ನಮ್ಮ ಡಿಶ್ಶಿನ ಟೀವಿಯಲ್ಲಿ ಅವನು ಇನ್ನೂ ಗ್ಲೌಸಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ, ಏನೂ ಗೊತ್ತಿಲ್ಲದವನು. ನನ್ನ ಕಾಲು ತಾನಾಗಿಯೇ ಎದ್ದು ಅಡುಗೆಮನೆಗೆ ಓಡಲು ನೋಡಿತು. ಎದ್ದು ಹೋದರೆ ಉಳಿಯುತ್ತಾನೇನೋ ಎಂದು. ನಾನು ದಿಂಬನ್ನು ಗಟ್ಟಿಯಾಗಿ ಹಿಡಿದು ಕೂತೆ, ಕಣ್ಣು ಮಿಟುಕಿಸದೆ ಅವನನ್ನೇ ನೋಡಿದೆ. ಬೌಲರ್ ಓಡಿ ಬಂದ. ಕ್ಯಾಚ್.

 ಗಂಡ, ಮಗಳು ಇಬ್ಬರೂ ನನ್ನ ಕಡೆ ತಿರುಗಿದರು. ಮೈದಾನದಲ್ಲಿ ಎದುರು ತಂಡದವರೆಲ್ಲ ಬಂದು ಅವನ ಕೈ ಕುಲುಕುತ್ತಿದ್ದರು. ಅವನು ಬ್ಯಾಟ್ ಎತ್ತಿ, ಹಗ್ಗ ದಾಟಿ, ಮೆಟ್ಟಿಲು ಹತ್ತುವವರೆಗೂ ನೋಡಿದೆ. ಆಮೇಲೆ ಕಣ್ಣು ಮಂಜಾಯಿತು.

ಮಾವ ರಿಮೋಟ್ ಒತ್ತಿ ಟೀವಿಯ ಸದ್ದು ತಗ್ಗಿಸಿದರು.

"ನೀನು ಕೂತಿದ್ದಕ್ಕೇ ಕಣಮ್ಮ ಅವ್ನು ಇವತ್ತು ಇಷ್ಟೊತ್ತು ನಿಂತಿದ್ದು. ಇನ್ಮೇಲೆ ಇದೇ ನಿನ್ ಜಾಗ. ಎಲ್ಲಾ ಮ್ಯಾಚಿಗೂ ಇಲ್ಲೇ ಕೂತ್ಕೋ."

"ಇನ್ಮೇಲೆ ಯಾರನ್ನ ನೋಡಕ್ಕೆ ಮಾವ?" ಅಂದೆ.

ಅವರಿಗೆ ಈ ಸಲ ಒಂದೇ ಸಲಕ್ಕೆ ಕೇಳಿಸಿತು. ರಿಮೋಟ್ ತೆಗೆದು ನನ್ನ ಮಡಿಲಲ್ಲಿಟ್ಟರು.