ಮೊಮ್ಮಗಳ ಮೊದಲ ಮಾತು

ಮೊಮ್ಮಗಳು ಮೊದಲ ಮಾತಾಡಿದ ದಿನ ನಾನು ಕುಣಿಯಬೇಕಿತ್ತು. ಕುಣಿದೆ ಕೂಡ, ಒಂದು ಗಳಿಗೆ. ಆಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಮ್ಮೂರು ಬೈಲಕುಪ್ಪೆಯ ಪಕ್ಕ. ಮಗಳು ಬೇಕರಿ ಕೆಲಸಕ್ಕೆ ಹೋದರೆ ಮಗುವಿನ ಹೊಣೆ ನನ್ನದು. ಆದರೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ದಿನವಿಡೀ ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತೇನೆ. ಆ ಅಂಟು ಸೋಪಿಗೂ ಜಗ್ಗುವುದಿಲ್ಲ. ಆ ಕೈಯಲ್ಲಿ ತುತ್ತು ಕೊಟ್ಟರೆ ಮಗು ಕಕ್ಕುತ್ತದೆ. ಹಾಗಾಗಿ ಅದನ್ನು ಸಾಕಿದವಳು ಜೋಳದ ಹೊಲದಾಚೆಯ ನನ್ನ ಓರಗೆಯ ಟಿಬೆಟಿನ ಹೆಂಗಸು. ಹಿಂದೆ ನನ್ನ ಜೊತೆ ಕಳೆ ಕಿತ್ತವಳು.

ಒಂದು ಸಂಜೆ ಮಗುವನ್ನು ಬಿಡಲು ಬಂದು ನಮ್ಮ ಜಗಲಿಯಲ್ಲಿ ಕೂತಿದ್ದಳು. ಅವಳ ಮಡಿಲಲ್ಲೇ ಮಗು ಬಾಯಿಬಿಟ್ಟಿತು: "ಅಮಾ!"

ಅವರ ಭಾಷೆಯಲ್ಲೂ ಅದು ತಾಯಿಯೇ. ಭೇರ್ಯದಿಂದ ಬಂದಿದ್ದ ಬೀಗಿತ್ತಿ, ಅಳಿಯನ ತಾಯಿ, ಉರಿದುಬಿದ್ದಳು.

"ನಮ್ ಕೂಸು ಮೊದ್ಲ ಮಾತ್ನೇ ಅವ್ರ ಭಾಸೇಲಿ ಆಡ್ತಲ್ಲ ಬೀಗ್ರೇ! ನಾಳಿಂದ ಆ ಮನೇಗ್ ಕಳುಸ್ಬ್ಯಾಡಿ. ನಮ್ಮ ಅಮ್ಮನ್ನ ಬುಟ್ಟು ಅವ್ರ ಅಮಾನಾ?"

"ನಿಮ್ ಅಮ್ಮನಾ?" ಅಂದೆ ನಾನು. "ನಿಮ್ ಮಗ ನಿಮ್ಮುನ್ನ ಅವ್ವಾ ಅಂತ್ಲೇ ಅಲ್ವಾ ಕೂಗಾದು? ಮೈಮೇಲೆ ಗುಳ್ಳೆ ಎದ್ರೂ ಅಮ್ಮ ಬಂದವ್ಳೆ ಅಂತೀರಿ. ಬಳೆ ಸಾಬರ ಮನೇಲಿ ಮಕ್ಳು ಅಮ್ಮೀ ಅಂತವೆ. ಅವ್ರೇನು ನಿಮ್ಮತ್ರ ಇಸ್ಕೊಂಡೋದ್ರಾ?"

ನಾನು ಓದಿದ್ದು ಎರಡನೇ ಕ್ಲಾಸು. ಈ ಮಾತು ಎಲ್ಲಿ ಹುಟ್ಟಿತೆಂದು ಪುಸ್ತಕದಲ್ಲಿ ನೋಡಿದವಳಲ್ಲ. ಆದರೆ ಮೂರು ಮಕ್ಕಳಿಗೆ ಹಾಲು ಕೊಟ್ಟಿದ್ದೇನೆ. ಕುಡಿದ ತುಟಿ ಮುಚ್ಚಿ ತೆರೆದರೆ ಈ ಸದ್ದೇ ಬರುವುದು, ಯಾವ ಜಾತಿಯ ಕೂಸಾದರೂ ಸರಿ. ಅದಕ್ಕೂ ಬೇಲಿ ಹಾಕುತ್ತಾರಂತೆ!

ನನ್ನ ಗೆಳತಿ ಮಗುವನ್ನು ನನ್ನ ಮಡಿಲಿಗಿಟ್ಟು ಎದ್ದು ಹೋದಳು. ಎರಡು ದಿನ ಹೊಲ ದಾಟಲಿಲ್ಲ. ಬೀಗಿತ್ತಿಯ ಕೈಯಲ್ಲಿ ಮಗು ಅತ್ತೇ ಅತ್ತಿತು.

ಮೂರನೇ ದಿನ ಅದು ಅಂಬೆಗಾಲಿಟ್ಟು ಹೊಸಿಲು ದಾಟಿತು. ಹೊಸಿಲು ದಾಟಿದ ಕೂಸಿನ ಹೆಸರಲ್ಲಿ ಕಜ್ಜಾಯ ಸುಟ್ಟು, ಅದನ್ನು ಎತ್ತಿ ಆಡಿಸಿದವರಿಗೆ ಮೊದಲು ಕೊಡುವುದು ನಮ್ಮ ಮನೆಯ ಪದ್ಧತಿ. ಬೀಗಿತ್ತಿ ತಟ್ಟೆಗೆ ಕೈಚಾಚಿದಳು.

"ತಡೀರಿ," ಅಂದೆ.

ಬಿಸಿ ಕಜ್ಜಾಯ ಸೆರಗಿಗೆ ಕಟ್ಟಿ, ಮಗುವನ್ನು ಸೊಂಟಕ್ಕೇರಿಸಿ ಹೊಲಕ್ಕಿಳಿದೆ. ಬದುವಿನ ಮೇಲಿಂದಲೇ ಅದು "ಅಮಾ" ಎಂದು ಕೂಗಿತು. ನನಗೆ ಸಿಟ್ಟಿನಲ್ಲೂ ನಗು, ನಗುವಿನಲ್ಲೂ ಕಣ್ಣೀರು. ಗೆಳತಿ ಬಾಗಿಲಿಗೆ ಬಂದಳು.

"ನಿಮ್ ಬೀಗ್ರು ಬಯ್ಯಲ್ವಾ?"

"ಬಯ್ಲಿ ಬುಡು. ನಂಗೆ ಇನ್ನೂ ರಾಶಿ ಸೊಪ್ಪು ಕಟ್ಟಾದದೆ. ಎತ್ಕೋ ಮಗೀನ."