ಗುಂಡು ಬಾವಿಯ ಈಜು

ಹಿಂದೂಪುರದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯ ಬರೀ ಓಡುತ್ತಾನೆ. ಶೂ ಕಟ್ಟಿ ಹೊರಟರೆ ಇಡ್ಲಿ ಹೊತ್ತಿಗೆ ಅವನದು ಮುಗಿಯಿತು. ನಾನು ಟ್ರಯಥ್ಲಾನ್‌ಗೆ ಬಿದ್ದವನು. ಈಜು, ಸೈಕಲ್, ಓಟ, ಮೂರೂ ಒಂದರ ಬೆನ್ನಿಗೊಂದು. ಅವನು ಇಡ್ಲಿ ತಿನ್ನುವಾಗ ನಾನಿನ್ನೂ ಕೊಡಿಕೊಂಡ ಚೆಕ್‌ಪೋಸ್ಟ್ ದಾರಿಯಲ್ಲಿ ಲಾರಿಗಳ ಪಕ್ಕ ತುಳಿಯುತ್ತಿರುತ್ತೇನೆ. ಸಂಜೆ ಕೆಲಸ ಬಿಟ್ಟ ಮೇಲೆ ಓಟ. ಈಜಬೇಕಾದರೆ ಭಾನುವಾರ ಬಸ್ಸು ಹತ್ತಿ ಕಲ್ಯಾಣದುರ್ಗದ ಹತ್ತಿರ ನಮ್ಮ ಹೊಲದ ಬಾವಿಗೇ ಹೋಗಬೇಕು.

"ಮನೇಲಿ ಮೊದಲನೇ ಡಿಗ್ರಿ ಕಣಪ್ಪ ನಿಂದು," ಅನ್ನುತ್ತಿದ್ದಳು ಅವ್ವ. "ಎಮ್ಮೆ ಥರ ನೀರಲ್ಲಿ ಬಿದ್ದಿರಾಕೆ ಓದಿದ್ಯಾ?"

ಹೋದ ವರ್ಷ ಗಡಿಯಾಚೆ ಒಂದು ಕೆರೆಯಲ್ಲಿ ನನ್ನ ಮೊದಲ ಸ್ಪರ್ಧೆ. ಗಡುವಿನೊಳಗೆ ನೀರಿನಿಂದ ಏಳದಿದ್ದರೆ ಸೈಕಲ್ ಹತ್ತುವಂತಿಲ್ಲ. ಉಸಿರು ಸರಿಯಿತ್ತು, ತೋಳೂ ಸರಿಯಿತ್ತು. ಆದರೆ ತಲೆ ಎತ್ತಿದಾಗಲೆಲ್ಲ ಎಡಕ್ಕೆ, ಜೊಂಡಿನ ಕಡೆ ಹೋಗಿಬಿಟ್ಟಿರುತ್ತಿದ್ದೆ. ದೋಣಿಯವನು ಸೀಟಿ ಊದಿ ಊದಿ ತಿರುಗಿಸಿದ. ಹೊತ್ತು ಮೀರಿತು. ಒದ್ದೆ ಚಡ್ಡಿಯಲ್ಲೇ ಸೈಕಲ್ ತಳ್ಳಿಕೊಂಡು ಬಂದೆ.

ಆಮೇಲೊಂದು ಭಾನುವಾರ ಗೆಳೆಯ ನನ್ನ ಜೊತೆ ಊರಿಗೆ ಬಂದ. ಬಾವಿ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ನೋಡಿದ.

"ಏಮ್ರಾ, ಗಾಣದ ಎತ್ತಾ ನೀನು? ಒಂದೇ ಕಡೆ ಸುತ್ತುತಾ ಇದೀಯ."

ಈಜುತ್ತಿದ್ದವನು ನಿಂತುಬಿಟ್ಟೆ. ನಮ್ಮದು ಗುಂಡು ಬಾವಿ. ತಲೆಗೆ ತಲೆ ಡಿಕ್ಕಿಯಾಗದಿರಲಿ ಅಂತ ನಾವೆಲ್ಲ ಚಿಕ್ಕಂದಿನಿಂದ ಒಂದೇ ಕಡೆ, ಎಡಕ್ಕೇ ಸುತ್ತಿದವರು. ಕೆರೆಗೆ ಇಳಿದರೂ ನನ್ನ ಮೈ ಬಾವಿಯನ್ನೇ ಸುತ್ತುತ್ತಿತ್ತು.

"ಓಡೋರಿಗೆ ಈ ಗೋಳಿಲ್ಲ ನೋಡು," ಅಂದ. "ರಸ್ತೇನೇ ಕರ್ಕೊಂಡು ಹೋಯ್ತದೆ."

ಅವತ್ತಿನಿಂದ ಬಲಕ್ಕೂ ಸುತ್ತಿದೆ. ಮೋಟರಿನ ಪೈಪಿಗೆ ಕಣ್ಣಿಟ್ಟು ಬಾವಿಯನ್ನು ಅಡ್ಡಡ್ಡ ಹಾಯ್ದೆ. ನಾಲ್ಕು ಸಲ ತೋಳು ಬೀಸಿದರೆ ಗೋಡೆ, ಮತ್ತೆ ವಾಪಸ್. ಬೇಸಿಗೆಯೆಲ್ಲ ಇದೇ ಆಯಿತು.

ಈ ವರ್ಷ ಅದೇ ಕೆರೆ. ಆಚೆ ದಡದ ಈಚಲು ಮರ ನೋಡಿಕೊಂಡು ನೆಟ್ಟಗೆ ಹೋದೆ. ದೋಣಿಯವನು ಸೀಟಿ ಬಾಯಿಗಿಡಲಿಲ್ಲ. ಗಡುವಿಗೆ ಮುಂಚೆಯೇ ಎದ್ದು ಸೈಕಲ್ ಹತ್ತಿದೆ. ಕೊನೆಯ ಓಟದಲ್ಲಿ ಕಾಲು ಮರದ ಕೊರಡಾಗಿತ್ತು. ಹಗ್ಗದಾಚೆ ಗೆಳೆಯ ಜೊತೆಗೇ ಓಡುತ್ತಾ, "ಇದು ನನ್ನ ಏರಿಯಾ ಕಣ್ಲಾ, ಇಲ್ಲಿ ಮಾನ ಕಳೀಬ್ಯಾಡ," ಅಂದ. ಕಳೆಯಲಿಲ್ಲ.

ಪದಕವನ್ನು ಅವ್ವನ ಕೈಗೆ ಕೊಟ್ಟೆ. "ಎಮ್ಮೆಗೂ ಇದ ಕೊಡ್ತಾರೇನಪ್ಪ," ಅಂದಳು. ಆಮೇಲೆ ಸೆರಗಿನಲ್ಲಿ ಒರೆಸಿ, ನನ್ನ ಡಿಗ್ರಿ ಫೋಟೋದ ಮೊಳೆಗೇ ನೇತುಹಾಕಿದಳು.