ಇಂದುಬಾಯಿಯ ಹೆಜ್ಜೆ ಅಳತೆ

ಸಿಂದಗಿಯ ನಮ್ಮ ಹಗೇವು ಓಣಿಯಲ್ಲಿ ಮನೆ ಕಟ್ಟುವವರು ಎಂಜಿನಿಯರನಿಗಿಂತ ಮೊದಲು ಇಂದುಬಾಯಿಯನ್ನು ಕರೆಯುತ್ತಿದ್ದರು. ನಗುವವರು ನಗಲಿ. ಈ ನಲವತ್ತು ಮನೆಗಳ ಜಾಗ ಹಿಂದೆ ಊರವರು ಜೋಳ ಕೂಡಿಡುತ್ತಿದ್ದ ಬಯಲು. ಎರಡಾಳು ಆಳದ ಹಗೇವು ತೋಡಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆಯುತ್ತಿದ್ದರು. ಗೋದಾಮು ಬಂದ ಮೇಲೆ ಹಗೇವುಗಳು ಬರಿದಾದವು, ಬಯಲು ಪ್ಲಾಟಾಯಿತು. ಟೊಳ್ಳು ಮಾತ್ರ ನೆಲದಡಿ ಹಾಗೇ ಉಳಿಯಿತು.

ಅವು ಎಲ್ಲೆಲ್ಲಿವೆ ಎಂದು ಬಲ್ಲವನು ಇಂದುಬಾಯಿಯ ಗಂಡ ಪರಶು. ಹಗೇವಿನ ಗಾಳಿ ಕೆಟ್ಟಿದೆಯೇ ಎಂದು ನೋಡಲು ಒಳಗೆ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ತಾನಿಳಿದು ಕಾಳು ತೆಗೆಯುತ್ತಿದ್ದವನು. ಸಾಯುವ ಮುಂಚೆ ಹೆಂಡತಿಗೆ ಎಲ್ಲವನ್ನೂ ಬಾಯಿಪಾಠ ಮಾಡಿಸಿದ: ಬಾವಿಕಟ್ಟೆಯಿಂದ ಇಂಥ ದಿಕ್ಕಿಗೆ ಇಷ್ಟು ಹೆಜ್ಜೆ. ಆಮೇಲೆ ನಾಲ್ಕು ಮನೆಗಳಿಗೆ ಈಕೆಯೇ ಸೆರಗು ಸಿಗಿಸಿಕೊಂಡು ಅಳೆದಳು. ನಾಲ್ಕು ಸಲವೂ ಹಗೇವು ರಸ್ತೆಗೆ ಬರುತ್ತದೆ, ನಿಶ್ಚಿಂತೆಯಿಂದ ಕಟ್ಟಿಕೊಳ್ಳಿ ಎಂದಳು.

ಕಳೆದ ಶ್ರಾವಣದಲ್ಲಿ ಮೂರು ದಿನ ಮಳೆ ಹಿಡಿಯಿತು. ನಾಲ್ಕರಲ್ಲೊಂದಾದ ಮಶಾಕಸಾಬನ ಮನೆಯಲ್ಲಿ ಅಡುಗೆಕೋಣೆಯ ನೆಲವೇ ಕುಸಿದು ಗ್ಯಾಸ್ ಒಲೆ, ಹಿಟ್ಟಿನ ಡಬ್ಬಿ ಎಲ್ಲ ಒಳಗೆ ಹೋದವು. ಅವನ ಹೆಂಡತಿ ಅಬಿದಾ ಅದೇ ಹೊತ್ತಿಗೆ ಪಡಸಾಲೆಗೆ ಬಂದದ್ದಕ್ಕೆ ಬದುಕಿದಳು.

ಇಂದುಬಾಯಿ ಗುಂಡಿಯನ್ನು ನೋಡಿದಳು. ಬಾವಿಕಟ್ಟೆಗೆ ಹೋಗಿ, ಆ ಹಗೇವಿಗೆ ಪರಶು ಹೇಳಿದ್ದ ಇಪ್ಪತ್ತೆರಡು ಹೆಜ್ಜೆ ಹಾಕಿದಳು. ಲೆಕ್ಕ ರಸ್ತೆಯಲ್ಲೇ ಮುಗಿಯಿತು, ಗುಂಡಿ ಇನ್ನೂ ಆಚೆಗಿತ್ತು. ಪರಶು ತೊಲೆ ಮುಟ್ಟುವಂಥ ಆಳು, ಈಕೆ ಅವನ ಎದೆಮಟ್ಟ. ಅವನ ಹೆಜ್ಜೆಯ ಅಳತೆಯನ್ನು ತನ್ನ ಹೆಜ್ಜೆಯಲ್ಲಿ ಹಾಕಿದ್ದಳು. ಇಷ್ಟು ವರ್ಷ ಇದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ಅಂಥ ಶಾಣ್ಯಾರು ನಾವು.

ಅಬಿದಾ ದೊಡ್ಡ ಮನಸ್ಸಿನವಳು. "ಹೋಗ್ಲಿ ಬಿಡ್ರಿ ಆಯಿ, ಜೀವ ಉಳೀತು. ಯಾರ ಮುಂದೂ ಹೇಳಬ್ಯಾಡ್ರಿ, ಓಣಿ ಮಂದಿ ನಿಮ್ಮ ಮ್ಯಾಲ ತಿರುಗಿ ಬೀಳ್ತಾರ" ಎಂದಳು. ಮಳೆ ನಿಲ್ಲಲಿ, ಆಮೇಲೆ ನೋಡೋಣ ಎಂದು ನಾನೂ ಹೇಳಿದೆ. ಹಾಗೆ ಹೇಳಿದ್ದಕ್ಕೆ ಈಗ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ. ಅದೇ ಹೆಜ್ಜೆಯಲ್ಲಿ ಅಳೆದ ಇನ್ನೂ ಮೂರು ಮನೆಗಳಿದ್ದವು. ಅವುಗಳಲ್ಲಿ ಜನ ಉಂಡು ಮಲಗುತ್ತಿದ್ದರು.

ಇಂದುಬಾಯಿ ತಲೆಯ ಮೇಲೆ ಗೋಣಿಚೀಲ ಹೊದ್ದು ನೆಟ್ಟಗೆ ಆ ಮೂರರಲ್ಲೊಂದಾದ ಅಮಸಿದ್ದನ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಅಮಸಿದ್ದನ ಹೆಂಡತಿ ಪಲ್ಲವಿ ಎರಡು ತಿಂಗಳ ಬಾಣಂತಿ. ಬಾಗಿಲು ತೆರೆದು, ಒಳಗೆ ಬನ್ನಿ, ಚಹಾ ಕುಡಿಯುವಿರಂತೆ ಎಂದು ನಕ್ಕಳು.

ಇಂದುಬಾಯಿ ಹೊಸ್ತಿಲು ದಾಟಲಿಲ್ಲ.

"ನಾ ತಪ್ಪು ಅಳದೇನಿ, ಪಲ್ಲವಿ. ಕೂಸಿನ್ನ ಎತ್ಕೊಂಡು ಮೊದಲ ಹೊರಗ ಬಾ."